ಗಿಟಾರ್ ನುಡಿಸಿದವರು ಯಾರು?

ನಮ್ಮ ಮನೆಯಲ್ಲಿ ಒಂದು ಕ್ಯಾಸೆಟ್ ಇದೆ. ಅದನ್ನು ಹಾಕಿ ಕೇಳಲು ಟೇಪ್ ರೆಕಾರ್ಡರ್ ಇಲ್ಲ. ಅಮ್ಮಿ ಅದನ್ನು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಗುಂಡಿ, ಸೂಜಿ, ದಾರದ ಉಂಡೆಗಳ ಜೊತೆ ಇಟ್ಟಿದ್ದಾರೆ. ಚಿಕ್ಕಂದಿನಿಂದ ನೋಡುತ್ತಿದ್ದರೂ ಅದೇನೆಂದು ನಾನು ಕೇಳಿರಲಿಲ್ಲ. ಈ ಸಲ ರಂಜಾನ್‌ಗೆ ಮುಂಚೆ ಮನೆ ಸ್ವಚ್ಛ ಮಾಡುವಾಗ ಡ್ರಾಯರ್ ಪೂರ್ತಿ ಖಾಲಿ ಮಾಡಿದೆ. ಕ್ಯಾಸೆಟ್ಟಿನ ಮೇಲೆ ದೇವಿಯ ಚಿತ್ರ ಇತ್ತು. ಜಾತ್ರೆಯ ಭಕ್ತಿಗೀತೆಗಳು ಎಂದು ಕನ್ನಡದಲ್ಲಿ ಬರೆದಿತ್ತು.

"ಅಮ್ಮಿ, ಇದು ನಮ್ಮ ಮನೆಗೆ ಹೇಗೆ ಬಂತು?" ಎಂದು ಕೇಳಿದೆ.

ಅಮ್ಮಿ ಮಿಷನ್ನಿನಿಂದ ತಲೆ ಎತ್ತದೆ, "ಅದರಲ್ಲಿ ನಿನ್ನ ನಾನಾ ಗಿಟಾರ್ ನುಡಿಸಿದ್ದಾರೆ" ಎಂದರು.

ನನಗೆ ನಂಬಲು ಆಗಲಿಲ್ಲ. ನನಗೆ ಗೊತ್ತಿರುವ ನಾನಾ ಎಂದರೆ ಹರಿಹರದಲ್ಲಿರುವ ಬಿಳಿ ಗಡ್ಡದ ಅಜ್ಜ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಲೇತ್ ಮಿಷನ್ ನಡೆಸಿದವರು. ಫಜರ್ ನಮಾಜಿಗೆ ಮಸೀದಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲುವವರು. ಅವರ ಮನೆಯಲ್ಲಿ ಗಿಟಾರ್ ಇರುವುದನ್ನು ನಾನು ನೋಡಿಲ್ಲ. ಅವರ ಬಾಯಲ್ಲಿ ಒಂದು ಹಾಡನ್ನೂ ಕೇಳಿಲ್ಲ.

ಕ್ಯಾಸೆಟ್ಟಿನ ಕವರ್ ಕಾಗದವನ್ನು ಬಿಡಿಸಿ ನೋಡಿದೆ. ಹೊರಗೆ ದೊಡ್ಡ ಅಕ್ಷರದಲ್ಲಿ ಗಾಯಕರ ಹೆಸರು, ಅದಕ್ಕಿಂತ ಸಣ್ಣದಾಗಿ ಸಾಹಿತ್ಯ ಬರೆದವರು ಮತ್ತು ಸಂಗೀತ ನೀಡಿದವರು. ಒಳಮಡಿಕೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ "ವಾದ್ಯ ಸಹಕಾರ" ಎಂದು ಏಳು ಹೆಸರುಗಳು. ತಬಲಾ, ಢೋಲಕ್, ಹಾರ್ಮೋನಿಯಂ, ಪಿಟೀಲು, ಕ್ಲಾರಿಯೋನೆಟ್, ಕೀಬೋರ್ಡ್, ತಾಳ. ಗಿಟಾರ್ ಇರಲಿಲ್ಲ.

ಅಮ್ಮಿಗೆ ತಪ್ಪು ನೆನಪಿರಬೇಕು ಎಂದುಕೊಂಡೆ. ಆದರೂ ಅಶೋಕ ರಸ್ತೆಯ ಕಡೆ ಹಳೆಯ ರೇಡಿಯೋ, ಟೇಪು ರಿಪೇರಿ ಮಾಡುವ ಒಬ್ಬ ಅಂಕಲ್ ಹತ್ತಿರ ಕ್ಯಾಸೆಟ್ ತೆಗೆದುಕೊಂಡು ಹೋದೆ. ಅವರು ಪೆನ್ಸಿಲ್ ಹಾಕಿ ರೀಲು ತಿರುಗಿಸಿ, ಬೂಷ್ಟು ಒರೆಸಿ, ಹಾಡುಗಳನ್ನು ಪೆನ್ ಡ್ರೈವಿಗೆ ಹಾಕಿಕೊಟ್ಟರು. ಮನೆಗೆ ಬಂದು ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಮೊದಲ ಸಲ ಕೇಳಿದಾಗ ಗಾಯಕರ ಧ್ವನಿ ಮತ್ತು ಢೋಲಕ್ ಬಿಟ್ಟರೆ ಏನೂ ಗೊತ್ತಾಗಲಿಲ್ಲ. ಮೂರನೇ ಸಲ ಕೇಳುವಾಗ ಢೋಲಕ್ಕಿನ ಹಿಂದೆ ಚಕ್ ಚಕ್ ಎಂದು ತಂತಿಯ ಒಂದು ಸದ್ದು ಕಿವಿಗೆ ಬಿತ್ತು. ಗಾಯಕರು ಉಸಿರು ತೆಗೆದುಕೊಳ್ಳುವ ಕಡೆಯಲ್ಲೆಲ್ಲ ಆ ತಂತಿ ನಾಲ್ಕೈದು ಸ್ವರ ನುಡಿದು ಮತ್ತೆ ಹಿಂದೆ ಸರಿಯುತ್ತಿತ್ತು. ಒಮ್ಮೆ ಕೇಳಿಸಿದ ಮೇಲೆ ನನಗೆ ಬೇರೆ ಯಾವ ವಾದ್ಯವೂ ಕೇಳಿಸಲಿಲ್ಲ. ಆರು ಹಾಡುಗಳಲ್ಲೂ ಗಿಟಾರ್ ಇತ್ತು. ಏಳು ಹೆಸರುಗಳಲ್ಲಿ ಗಿಟಾರ್ ಇರಲಿಲ್ಲ.

ನನಗೆ ಏನು ಅನ್ನಿಸಿತು ಎಂದು ಮುಚ್ಚಿಡದೆ ಬರೆಯುತ್ತೇನೆ. ಅದೇ ತಿಂಗಳು ನಮ್ಮ ಖಾಲಾಗೆ ಬಾಡಿಗೆ ಮನೆ ಹುಡುಕುತ್ತಿದ್ದೆವು. ಫೋನಿನಲ್ಲಿ ಕನ್ನಡದಲ್ಲಿ ಮಾತಾಡುವ ಕೆಲಸ ನನ್ನದು. ಒಂದು ಕಡೆ ಬಾಡಿಗೆ, ಅಡ್ವಾನ್ಸ್, ನೀರಿನ ವ್ಯವಸ್ಥೆ ಎಲ್ಲ ಮಾತಾಡಿ ಮುಗಿಯಿತು. ಕೊನೆಗೆ ಹೆಸರು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ಆ ಮನೆ ನಿನ್ನೆಯೇ ಹೋಗಿದೆ" ಎಂದರು. ಅದು ಮನಸ್ಸಿನಲ್ಲಿ ಇದ್ದುದರಿಂದಲೋ ಏನೋ, ಕ್ಯಾಸೆಟ್ಟಿನ ಕಾಗದ ನೋಡಿದಾಗ ನನಗೆ ಬೇರೆ ಕಾರಣ ಹೊಳೆಯಲಿಲ್ಲ. ದೇವಿಯ ಹಾಡಿನ ಕ್ಯಾಸೆಟ್ಟಿನಲ್ಲಿ ನಮ್ಮ ಹೆಸರು ಬೇಡವಾಗಿದೆ, ಅಷ್ಟೆ ಎಂದುಕೊಂಡೆ.

ಮುಂದಿನ ಭಾನುವಾರ ಬಸ್ ಹತ್ತಿ ಹರಿಹರಕ್ಕೆ ಹೋದೆ. ದಾವಣಗೆರೆಯಿಂದ 14 ಕಿಲೋಮೀಟರ್. ಆ ದಾರಿ ಅಂದು ಬಹಳ ಉದ್ದ ಅನ್ನಿಸಿತು.

ನಾನಾ ಜಗಲಿಯ ಮೇಲೆ ಕುಳಿತಿದ್ದರು. ಮೊಬೈಲಿನಲ್ಲಿ ಹಾಡು ಹಾಕಿ ಅವರ ಕಿವಿಯ ಹತ್ತಿರ ಹಿಡಿದೆ. ಏನೂ ಹೇಳಲಿಲ್ಲ. ಆದರೆ ಎಡಗೈ ಬೆರಳುಗಳು ಮೊಣಕಾಲಿನ ಮೇಲೆ ಒಂದೊಂದಾಗಿ ಮಡಚಿಕೊಳ್ಳತೊಡಗಿದವು. ಈ ಅಭ್ಯಾಸವನ್ನು ನಾನು ಎಷ್ಟೋ ಸಲ ನೋಡಿದ್ದೆ. ತಸ್ಬೀಹ್ ಎಣಿಸುತ್ತಿದ್ದಾರೆ ಎಂದು ಇಷ್ಟು ವರ್ಷ ತಿಳಿದಿದ್ದೆ.

"ನಾನಾ, ಎಲ್ಲರ ಹೆಸರು ಹಾಕಿದ್ದಾರೆ. ನಿಮ್ಮದು ಯಾಕೆ ಹಾಕಿಲ್ಲ?" ಎಂದು ನೇರವಾಗಿ ಕೇಳಿದೆ.

ನಾನಾ ನಕ್ಕರು. ಅವರು ಉರ್ದುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ರೆಕಾರ್ಡಿಂಗ್‌ಗೆ ನುಡಿಸುವವರ ಹೆಸರು ಯಾರು ಹಾಕುತ್ತಾರೆ ಬೇಟಾ? ಬೆಳಿಗ್ಗೆ ಹೋಗಬೇಕು, ಹೇಳಿದ್ದು ನುಡಿಸಬೇಕು, ಸಂಜೆ ಕವರ್ ತೆಗೆದುಕೊಂಡು ಬರಬೇಕು. ರಾಜ್‌ಕುಮಾರ್ ಹಾಡುಗಳನ್ನು ಊರೆಲ್ಲ ಕೇಳಿತಲ್ಲ, ಅದರಲ್ಲಿ ಗಿಟಾರ್ ಯಾರದು ಎಂದು ಯಾರಾದರೂ ಕೇಳಿದರಾ?"

ಅಂದು ಅವರು ಬಹಳ ಹೊತ್ತು ಮಾತಾಡಿದರು. ಹಗಲು ಕಾರ್ಖಾನೆ, ರಜೆ ದಿನ ಆರ್ಕೆಸ್ಟ್ರಾ. ದಾವಣಗೆರೆಯ ಗಣಪತಿ ಪೆಂಡಾಲುಗಳಲ್ಲಿ, ಮದುವೆಗಳಲ್ಲಿ, ಉರುಸಿನ ಕವ್ವಾಲಿಗಳಲ್ಲಿ ನುಡಿಸಿದ್ದಾರೆ. ಗುರುಗಳು ಯಾರೂ ಇರಲಿಲ್ಲ, ರೇಡಿಯೋ ಇತ್ತು. ಆಗ ಕನ್ನಡ ಸಿನಿಮಾ ಹಾಡುಗಳ ರೆಕಾರ್ಡಿಂಗ್ ನಡೆಯುತ್ತಿದ್ದುದು ಮದ್ರಾಸಿನಲ್ಲಿ. ಗಾಯಕರೂ ವಾದ್ಯದವರೂ ಒಟ್ಟಿಗೆ ನಿಂತು ಒಂದೇ ಸಲಕ್ಕೆ ಹಾಡು ಮುಗಿಸಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರು ಮಾಡಬೇಕು. "ಅದಕ್ಕೇ ಅಲ್ಲಿ ನುಡಿಸುವವರು ತಪ್ಪುತ್ತಿರಲಿಲ್ಲ. ಅವರೇ ನನ್ನ ಉಸ್ತಾದರು. ಹೆಸರು ಮಾತ್ರ ಗೊತ್ತಿಲ್ಲ" ಎಂದರು.

ಮನೆಗೆ ಬಂದ ಮೇಲೆ ಈ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಸ್ವಂತ ಹೆಸರಿನ ಹಾಡಿಲ್ಲದೆ, ಬೇರೆಯವರ ಹಾಡಿಗೆ ದಿನದ ಲೆಕ್ಕದಲ್ಲಿ ನುಡಿಸಿ ಬರುವ ಇಂಥವರಿಗೆ ಸೆಷನ್ ಮ್ಯುಸಿಷಿಯನ್ ಎನ್ನುತ್ತಾರಂತೆ. ಗಿಟಾರ್ ಹಿಡಿದು ಹೀಗೆ ಜೀವನ ಮಾಡಿದ ಮೊದಲಿಗರು ಯಾರು ಎಂದು ಹುಡುಕಿದೆ. ಕಾಲೇಜಿನ ಗ್ರಂಥಾಲಯದಲ್ಲಿ ಸಿಗಲಿಲ್ಲ, ಮೊಬೈಲಿನಲ್ಲಿ ಸಿಕ್ಕಿತು. ಆ ಹುಡುಕಾಟದಲ್ಲಿ ನನಗೆ ಪರಿಚಯವಾದವರು ಎಡ್ಡಿ ಲ್ಯಾಂಗ್.

ಎಡ್ಡಿ ಲ್ಯಾಂಗ್ ಹುಟ್ಟಿದ್ದು 1902ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಇಟಲಿಯಿಂದ ವಲಸೆ ಬಂದ ಮನೆತನ. ತಂದೆ ತಂತಿ ವಾದ್ಯಗಳನ್ನು ತಯಾರಿಸುವವರು. ಮಗ ಮೊದಲು ಕಲಿತದ್ದು ಪಿಟೀಲು. ಅದೇ ಊರಿನ ಜೋ ವೆನೂಟಿ ಎಂಬ ಹುಡುಗ ಬಾಲ್ಯದ ಗೆಳೆಯ. ದೊಡ್ಡವರಾದ ಮೇಲೆ ವೆನೂಟಿ ಪಿಟೀಲು, ಲ್ಯಾಂಗ್ ಗಿಟಾರ್ ಹಿಡಿದು ಇಬ್ಬರೂ ಸೇರಿ ರೆಕಾರ್ಡ್ ಮಾಡಿದರು.

ಆ ಕಾಲದ ಜಾಜ್ ತಂಡಗಳಲ್ಲಿ ಗಿಟಾರಿಗೆ ಜಾಗ ಕಡಿಮೆ. ಬ್ಯಾಂಜೋ ಇರುತ್ತಿತ್ತು. ಇದು ನಮ್ಮ ಕವ್ವಾಲಿ ಪಾರ್ಟಿಗಳಲ್ಲಿ ಬೆಂಜೋ ಎನ್ನುವ, ಗುಂಡಿ ಒತ್ತಿ ನುಡಿಸುವ ವಾದ್ಯ ಅಲ್ಲ. ದಫ್‌ನಂಥ ಚರ್ಮದ ಮೈಗೆ ಉದ್ದ ಕತ್ತು ಸೇರಿಸಿ ತಂತಿ ಬಿಗಿದದ್ದು. ಅದಕ್ಕೆ ಜಾಗ ಸಿಕ್ಕಿದ ಕಾರಣ ಬಹಳ ಸರಳ. ಆಗ ರೆಕಾರ್ಡಿಂಗ್‌ಗೆ ಮೈಕ್ ಇರಲಿಲ್ಲ. ಕಹಳೆಯ ಬಾಯಿಯಂಥ ದೊಡ್ಡ ಕೊಳವೆಯ ಮುಂದೆ ನಿಂತು ನುಡಿಸಬೇಕಿತ್ತು. ಜೋರಾಗಿ ಕೂಗುವ ವಾದ್ಯ ಮಾತ್ರ ತಟ್ಟೆಯ ಮೇಲೆ ದಾಖಲಾಗುತ್ತಿತ್ತು. 1925ರಲ್ಲಿ ಮೈಕ್ ಇಟ್ಟು ವಿದ್ಯುತ್ತಿನಿಂದ ರೆಕಾರ್ಡ್ ಮಾಡುವ ವಿಧಾನ ಬಂದಾಗ, ಮೆಲ್ಲಗೆ ಮಾತಾಡುವ ಗಿಟಾರ್ ಕೂಡ ಕೇಳಿಸತೊಡಗಿತು. ಆ ಹೊತ್ತಿಗೆ ಸರಿಯಾಗಿ ಲ್ಯಾಂಗ್ ಅಲ್ಲಿದ್ದರು. ಬರೀ ಲಯ ಹಿಡಿದು ಕೂರದೆ, ಗಾಯಕರ ಅಥವಾ ಕಹಳೆಯವರ ಸಾಲಿನ ಕೆಳಗೆ ತಮ್ಮದೇ ಒಂದು ಸಾಲು ನುಡಿಸುತ್ತಿದ್ದರು. ಇಷ್ಟು ಓದಿದಾಗ ನನಗೆ ನಾನಾರ ಕ್ಯಾಸೆಟ್ ನೆನಪಾಯಿತು.

ಲ್ಯಾಂಗ್ ಅವರಿಗೆ ಕೆಲಸದ ಮೇಲೆ ಕೆಲಸ. 1927ರಲ್ಲಿ ಬಿಕ್ಸ್ ಬೈಡರ್‌ಬೆಕ್ ಎಂಬ ಹೆಸರಾಂತ ಕಾರ್ನೆಟ್ ವಾದಕರ ಜೊತೆ ರೆಕಾರ್ಡ್ ಮಾಡಿದರು. 1929ರಲ್ಲಿ ಪಾಲ್ ವೈಟ್‌ಮನ್ ಅವರ ದೊಡ್ಡ ಆರ್ಕೆಸ್ಟ್ರಾ ಸೇರಿದರು. ಆಮೇಲೆ ಬಿಂಗ್ ಕ್ರಾಸ್ಬಿ ಎಂಬ ಗಾಯಕರಿಗೆ ಖಾಯಂ ಜೊತೆಗಾರರಾದರು. ಹಾಡಿನ ಮೇಲೆ ದೊಡ್ಡದಾಗಿ ಇರುತ್ತಿದ್ದುದು ಗಾಯಕರ ಹೆಸರು. 1933ರಲ್ಲಿ ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ತೊಂದರೆಯಾಗಿ ತೀರಿಕೊಂಡರು. ಆಗ ಅವರಿಗೆ 30 ವರ್ಷ.

ಇವರ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಸರಿನ ವಿಷಯ. ಎಡ್ಡಿ ಲ್ಯಾಂಗ್ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ. ಮನೆಯ ಹೆಸರು ಸಾಲ್ವಟೋರ್ ಮಸ್ಸಾರೋ. ಚಿಕ್ಕಂದಿನಲ್ಲಿ ಮೆಚ್ಚಿದ್ದ ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರನ ಹೆಸರನ್ನು ತಾವೇ ಇಟ್ಟುಕೊಂಡರಂತೆ. ಮೂರನೆಯ ಹೆಸರು ಒಂದಿದೆ. 1928 ಮತ್ತು 1929ರಲ್ಲಿ ಅವರು ಲಾನಿ ಜಾನ್ಸನ್ ಎಂಬ ಗಿಟಾರ್ ವಾದಕರ ಜೊತೆ ಕುಳಿತು ಹಲವು ರೆಕಾರ್ಡ್‌ಗಳನ್ನು ಮಾಡಿದರು. ಜಾನ್ಸನ್ ಕರಿಯ ಜನಾಂಗದವರು, ಲ್ಯಾಂಗ್ ಬಿಳಿಯರು. ಆಗಿನ ಅಮೆರಿಕದಲ್ಲಿ ಇಬ್ಬರ ಹೆಸರನ್ನೂ ಒಂದೇ ತಟ್ಟೆಯ ಮೇಲೆ ಹಾಕಿ ಮಾರುವುದು ಕಂಪನಿಗೆ ಕಷ್ಟ. ಕರಿಯ ಗಿರಾಕಿಗಳಿಗಾಗಿ ಬೇರೆಯೇ ಸರಣಿಯಲ್ಲಿ ರೆಕಾರ್ಡ್ ಮಾರುತ್ತಿದ್ದ ಕಾಲ ಅದು. ಹಾಗಾಗಿ ತಟ್ಟೆಯ ಮೇಲೆ ಲ್ಯಾಂಗ್ ಬದಲು "ಬ್ಲೈಂಡ್ ವಿಲ್ಲಿ ಡನ್" ಎಂದು ಅಚ್ಚಾಯಿತು. ಕುರುಡ ವಿಲ್ಲಿ ಡನ್. ಅಂಥ ಮನುಷ್ಯನೇ ಇರಲಿಲ್ಲ. ಲ್ಯಾಂಗ್ ಅವರ ಕಣ್ಣು ಚೆನ್ನಾಗಿಯೇ ಇತ್ತು. ಅಂಧರಾದ ಕರಿಯ ಗಾಯಕರ ರೆಕಾರ್ಡ್‌ಗಳು ಆಗ ಚೆನ್ನಾಗಿ ಮಾರಾಟವಾಗುತ್ತಿದ್ದವು. ಅದಕ್ಕೆ ಹೊಂದುವ ಒಂದು ಹೆಸರು ಹೊಲಿದರು.

ಒಂದೇ ಕೋಣೆಯಲ್ಲಿ ಪಕ್ಕಪಕ್ಕ ಕುಳಿತು ನುಡಿಸಬಹುದು, ಒಂದೇ ಕಾಗದದ ಮೇಲೆ ಹೆಸರು ಮಾತ್ರ ಬರಬಾರದು. ಇದನ್ನು ಓದಿದಾಗ, ನನ್ನ ಅನುಮಾನವೇ ಸರಿ ಎಂದು ಇನ್ನಷ್ಟು ಗಟ್ಟಿಯಾಯಿತು.

ನಾನಾ ಹೇಳಿದ ಮದ್ರಾಸಿನ ಕಡೆಗೂ ಹುಡುಕಾಟ ನಡೆಸಿದೆ. ಕನ್ನಡಕ್ಕೆ ಜಾಜ್ ಬಂದದ್ದು ಮುಖ್ಯವಾಗಿ ಸಿನಿಮಾದ ಬಾಗಿಲಿನಿಂದ. 1968ರ "ಜೇಡರ ಬಲೆ" ನಮ್ಮ ಜೇಮ್ಸ್ ಬಾಂಡ್ ಮಾದರಿಯ ಚಿತ್ರ. ರಾಜ್‌ಕುಮಾರ್ ಅದರಲ್ಲಿ ಸಿ.ಐ.ಡಿ. ಇಂಥ ಪತ್ತೇದಾರಿ ಚಿತ್ರಗಳಲ್ಲಿ ಕ್ಲಬ್ಬು, ಗಿಟಾರ್, ಡ್ರಮ್ಸ್, ಕಹಳೆ ಎಲ್ಲ ಬೇಕು. ಸಂಗೀತ ಜಿ.ಕೆ. ವೆಂಕಟೇಶ್ ಅವರದು. "ಕಸ್ತೂರಿ ನಿವಾಸ", "ಬಂಗಾರದ ಮನುಷ್ಯ" ಚಿತ್ರಗಳಿಗೂ ಅವರೇ.

ಈ ಜಿ.ಕೆ. ವೆಂಕಟೇಶ್ ಅವರ ತಂಡದಲ್ಲಿ ತಮಿಳುನಾಡಿನ ಪಣ್ಣೈಪುರಂ ಎಂಬ ಹಳ್ಳಿಯಿಂದ ಬಂದ ಒಬ್ಬ ಯುವಕ ಗಿಟಾರ್ ನುಡಿಸುತ್ತಿದ್ದರು. ಹುಟ್ಟಿದ್ದು 1943. ಹದಿಹರೆಯದಲ್ಲಿ ಅಣ್ಣನ ಹಾಡಿನ ತಂಡದ ಜೊತೆ ಊರೂರು ತಿರುಗಿದವರು. ಮದ್ರಾಸಿಗೆ ಬಂದು ಧನರಾಜ್ ಮಾಸ್ಟರ್ ಅವರಲ್ಲಿ ಪಾಶ್ಚಾತ್ಯ ಸಂಗೀತ ಓದಿ ಬರೆದು ಕಲಿತವರು. ಸಲಿಲ್ ಚೌಧುರಿಯವರಂಥ ಸಂಗೀತ ನಿರ್ದೇಶಕರಿಗೂ ಗಿಟಾರ್ ನುಡಿಸಿದವರು. ವೆಂಕಟೇಶ್ ಅವರಿಗೆ ಸಹಾಯಕರಾಗಿ ದುಡಿದ ಚಿತ್ರಗಳು ಸುಮಾರು 200, ಅವುಗಳಲ್ಲಿ ಹೆಚ್ಚಿನವು ಕನ್ನಡದವು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. 1976ರಲ್ಲಿ ತಮಿಳಿನ "ಅನ್ನಕ್ಕಿಳಿ" ಚಿತ್ರಕ್ಕೆ ಸ್ವತಂತ್ರವಾಗಿ ಸಂಗೀತ ಕೊಟ್ಟರು. ಆಮೇಲೆ ಕನ್ನಡದಲ್ಲೇ "ಗೀತಾ", "ಪಲ್ಲವಿ ಅನುಪಲ್ಲವಿ" ಮಾಡಿದರು. ಓದುಗರಿಗೆ ಈಗಾಗಲೇ ಗೊತ್ತಾಗಿರಬಹುದು, ಅವರೇ ಇಳಯರಾಜ. 1976ಕ್ಕೆ ಮೊದಲು ಅವರೂ ಸಂಜೆ ಕವರ್ ತೆಗೆದುಕೊಂಡು ಮನೆಗೆ ಹೋಗುತ್ತಿದ್ದ ವಾದ್ಯಗಾರರಲ್ಲಿ ಒಬ್ಬರು. ಮುಂದೆ ಇವರದೇ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಒಬ್ಬ ಹುಡುಗ ಎ.ಆರ್. ರೆಹಮಾನ್ ಆದರು. ರೆಹಮಾನ್ ತಮ್ಮ ಆಲ್ಬಂಗಳಲ್ಲಿ ವಾದ್ಯಗಾರರ ಹೆಸರುಗಳನ್ನೂ ಹಾಕಿಸುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತು ನುಡಿಸಿದವರಿಗೆ ಅದರ ಬೆಲೆ ಗೊತ್ತಿರುತ್ತದೆ.

ಬೇರೆ ದಾರಿ ಹಿಡಿದವರೂ ಇದ್ದಾರೆ. ಕಾರ್ಲ್‌ಟನ್ ಕಿಟ್ಟೋ ಬೆಂಗಳೂರಿನಲ್ಲಿ ಹುಟ್ಟಿದ ಆಂಗ್ಲೋ ಇಂಡಿಯನ್. ಅಮೆರಿಕದ ಚಾರ್ಲಿ ಕ್ರಿಶ್ಚಿಯನ್ ಅವರ ರೆಕಾರ್ಡ್ ಕೇಳಿ ಜಾಜ್ ಗಿಟಾರಿಗೆ ಮನಸೋತರು. ಎಪ್ಪತ್ತರ ದಶಕದಲ್ಲಿ ಕಲ್ಕತ್ತಾಕ್ಕೆ ಹೋಗಿ ಅಲ್ಲೇ ನೆಲೆಸಿದರು. ಹೋಟೆಲುಗಳಲ್ಲಿ ಜಾಜ್ ನುಡಿಸುತ್ತ, ಮಕ್ಕಳಿಗೆ ಗಿಟಾರ್ ಕಲಿಸುತ್ತ ಬದುಕಿದರು. ಕೇಳುವವರು ಕಡಿಮೆಯಾದ ಮೇಲೂ ಅದೇ ಸಂಗೀತವನ್ನು ಬಿಡಲಿಲ್ಲ. "ಫೈಂಡಿಂಗ್ ಕಾರ್ಲ್‌ಟನ್" ಎಂಬ ಸಾಕ್ಷ್ಯಚಿತ್ರ ಬಂದ ಮೇಲೆ ದೇಶಕ್ಕೆ ಅವರ ಹೆಸರು ತಿಳಿಯಿತು. ಅವರು ತೀರಿಕೊಂಡಿದ್ದು 2016ರ ನವೆಂಬರ್‌ನಲ್ಲಿ.

ನಾನು ಕಾಮರ್ಸ್ ವಿದ್ಯಾರ್ಥಿ. ಹಾಗಾಗಿ ದುಡ್ಡಿನ ಕಡೆಯನ್ನೂ ನೋಡಿದೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆ 1957ರದು. 2012ರ ತಿದ್ದುಪಡಿಯ ನಂತರ ಹಾಡಿದವರಿಗೂ ನುಡಿಸಿದವರಿಗೂ, ತಮ್ಮ ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದಾಗ ರಾಯಲ್ಟಿ ಕೇಳುವ ಹಕ್ಕಿದೆ. ಓದಿ ಸಂತೋಷವಾಯಿತು. ಮುಂದೆ ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿ ಒಂದು ವಿನಾಯಿತಿ ಕಂಡಿತು. ಸಿನಿಮಾದಲ್ಲಿ ಒಬ್ಬರ ಪಾಲು ಸಾಂದರ್ಭಿಕವಾಗಿದ್ದು, ಆ ಉದ್ಯಮದ ರೂಢಿಯಂತೆ ಅವರ ಹೆಸರನ್ನು ಕ್ರೆಡಿಟ್ಸ್‌ನಲ್ಲಿ ಕೂಡ ಎಲ್ಲೂ ಹಾಕುವುದಿಲ್ಲವಾದರೆ, ಒಂದು ಸಣ್ಣ ಉದ್ದೇಶ ಬಿಟ್ಟು ಉಳಿದಂತೆ ಅವರನ್ನು ಪ್ರದರ್ಶಕರೆಂದು ಎಣಿಸುವಂತಿಲ್ಲ. ಅಂದರೆ ಹೆಸರು ಹಾಕುವುದು ಬರೀ ಗೌರವದ ಮಾತಲ್ಲ. ಹೆಸರು ಇಲ್ಲದಿದ್ದರೆ ಹಕ್ಕಿನ ಬಾಗಿಲೂ ಮುಚ್ಚಬಹುದು.

ಅಬ್ಬಾ ದಾವಣಗೆರೆಯಲ್ಲಿ ಸಣ್ಣ ಮಂಡಕ್ಕಿ ಭಟ್ಟಿ ನಡೆಸುತ್ತಾರೆ. ಅವರು ಓದಿರುವುದು ಏಳನೇ ತರಗತಿ. ಭಟ್ಟಿಯ ಲೆಕ್ಕದ ಪುಸ್ತಕ ಎರಡು ವರ್ಷದಿಂದ ನನ್ನ ಕೈಯಲ್ಲಿದೆ. ಒಮ್ಮೆ ನಾನು ಬೇಗ ಮುಗಿಸಲೆಂದು "ಕೂಲಿ, ಆರು ಜನ" ಎಂದು ಒಂದೇ ಸಾಲಿನಲ್ಲಿ ಮೊತ್ತ ಬರೆದಿದ್ದೆ. ಅಬ್ಬಾ ಆ ಸಾಲನ್ನು ಹೊಡೆದುಹಾಕಿ, "ಆರು ಜನ ಎಂದು ಯಾರಿಗೂ ಹೆಸರಿಲ್ಲ. ಭತ್ತ ನೆನೆಸಿದವರು ಯಾರು, ಹುರಿದವರು ಯಾರು, ಚೀಲ ಹೊತ್ತವರು ಯಾರು, ಒಬ್ಬೊಬ್ಬರದೂ ಬರಿ" ಎಂದಿದ್ದರು. ಆಗ ಬೇಸರವಾಗಿತ್ತು. ಈಗ ಅನ್ನಿಸುತ್ತದೆ, ಹೊಗೆ ತುಂಬಿದ ನಮ್ಮ ಭಟ್ಟಿಯ ಪುಸ್ತಕದಲ್ಲಿ ಇರುವಷ್ಟು ಲೆಕ್ಕ ಎಷ್ಟೋ ದೊಡ್ಡ ಹಾಡುಗಳಿಗೆ ಇಲ್ಲ.

ಇಷ್ಟೆಲ್ಲ ತಿಳಿದುಕೊಂಡು ಎರಡನೇ ಸಲ ಹರಿಹರಕ್ಕೆ ಹೋದೆ. ಅಸರ್ ನಮಾಜ್ ಮುಗಿಸಿ ನಾನಾ ತುಂಗಭದ್ರಾ ನದಿಯ ಕಡೆ ನಡೆಯಲು ಹೊರಟಿದ್ದರು, ಜೊತೆಗೆ ನಡೆದೆ. ಎಡ್ಡಿ ಲ್ಯಾಂಗ್ ಕತೆ ಹೇಳಿದೆ. ಲಾನಿ ಜಾನ್ಸನ್ ಪಕ್ಕದಲ್ಲಿ ಕುಳಿತು ಬೇರೆ ಹೆಸರಿನಲ್ಲಿ ನುಡಿಸಿದ್ದು ಹೇಳಿದೆ. "ನಿಮಗೂ ಹೀಗೇ ಮಾಡಿದರು ಅಲ್ಲವಾ ನಾನಾ? ಏಳು ಜನರ ಹೆಸರು ಹಾಕಿ ಮುಸಲ್ಮಾನರ ಹೆಸರು ಮಾತ್ರ ಬಿಟ್ಟರು" ಎಂದೆ.

ನಾನಾ ನಿಂತುಬಿಟ್ಟರು. "ಆ ಏಳರಲ್ಲಿ ಢೋಲಕ್ ಹೆಸರು ಓದಿದೆಯಾ?" ಎಂದು ಕೇಳಿದರು.

ಓದಿದ್ದೆ. ಅದು ಅಡ್ಡಹೆಸರಿನಂತಿತ್ತು, ನಾನು ಗಮನ ಕೊಟ್ಟಿರಲಿಲ್ಲ.

"ಅವನೂ ನಮ್ಮವನೇ, ಆಜಾದ್ ನಗರದವನು. ಎಲ್ಲರೂ ಕರೆಯುತ್ತಿದ್ದ ಹೆಸರೇ ಹಾಕಿಸಿದ. ಸಂಗೀತ ಮಾಡಿದವರು ಒಬ್ಬೊಬ್ಬರನ್ನೂ ಕೇಳಿಯೇ ಹೆಸರು ಬರೆದುಕೊಂಡರು. ನನ್ನನ್ನೂ ಕೇಳಿದರು. ನಾನೇ ಬೇಡ ಎಂದೆ."

"ಯಾಕೆ?"

"ನನ್ನ ಅಬ್ಬಾಜಾನ್ ಇದ್ದರು. ಮಗ ಕಾರ್ಖಾನೆಗೆ ಹೋಗುತ್ತಾನೆ ಎಂದಷ್ಟೇ ಅವರಿಗೆ ಗೊತ್ತಿದ್ದುದು. ಗಾನಾ ಬಜಾನಾ ಅವರಿಗೆ ಆಗುತ್ತಿರಲಿಲ್ಲ. ಜಾತ್ರೆಯ ದಿನ ಪ್ರತಿ ಅಂಗಡಿಯಲ್ಲೂ ಆ ಕ್ಯಾಸೆಟ್ ನೇತುಹಾಕಿರುತ್ತಾರೆ. ಯಾರಾದರೂ ತಂದು ತೋರಿಸಿದರೆ ನಾನು ಮುಖ ಎಲ್ಲಿ ಇಟ್ಟುಕೊಳ್ಳಲಿ? ಸಂಗೀತದವರು, ಬೇರೆ ಯಾವುದಾದರೂ ಹೆಸರು ಹಾಕಲಾ ಎಂದೂ ಕೇಳಿದರು. ಅದೂ ಬೇಡ ಎಂದೆ. ಖಾಲಿ ಬಿಟ್ಟರೆ ಸುಮ್ಮನಿದ್ದ ಹಾಗೆ. ಬೇರೆ ಹೆಸರು ಹಾಕಿದರೆ ಸುಳ್ಳು ಹೇಳಿದ ಹಾಗೆ."

ನನಗೆ ಮಾತು ಹೊರಡಲಿಲ್ಲ. ಮೂರು ತಿಂಗಳಿಂದ ನಾನು ಯಾರ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆನೋ ಅವರು ಹೆಸರು ಕೇಳಿದ್ದರು. ಮನೆ ಹುಡುಕುವಾಗ ಆದದ್ದು ನಿಜ, ಅದು ಸಣ್ಣ ನೋವಲ್ಲ. ಆದರೆ ಆ ನೋವಿನ ಲೆಕ್ಕವನ್ನು ನಾನು ಬೇರೆ ಯಾರದೋ ಖಾತೆಗೆ ಹಾಕಿದ್ದೆ. ಅಕೌಂಟೆನ್ಸಿಯಲ್ಲಿ ಹೀಗೆ ಮಾಡಿದರೂ ಟ್ರಯಲ್ ಬ್ಯಾಲೆನ್ಸ್ ಸರಿಯಾಗಿಯೇ ಬರುತ್ತದೆ. ತಪ್ಪು ಒಳಗೆ ಹಾಗೇ ಉಳಿಯುತ್ತದೆ. ನಮ್ಮ ಲೆಕ್ಚರರ್ ಈ ಬಗೆಯ ತಪ್ಪನ್ನು ಎಷ್ಟು ಸಲ ಹೇಳಿದ್ದಾರೋ.

"ಪರ್‌ನಾನಾಗೆ ಕೊನೆಗೂ ಗೊತ್ತಾಗಲಿಲ್ಲವಾ?" ಎಂದು ಕೇಳಿದೆ.

ನಾನಾ ಎಡಗೈ ಚಾಚಿ ಬೆರಳ ತುದಿ ತೋರಿಸಿದರು. "ಲೇತ್ ಹಿಡಿದರೆ ಅಂಗೈ ಗಟ್ಟಿಯಾಗುತ್ತದೆ. ಈ ನಾಲ್ಕು ತುದಿ ಮಾತ್ರ ಗಟ್ಟಿಯಾಗುವ ಕೆಲಸ ಕಾರ್ಖಾನೆಯಲ್ಲಿ ಯಾವುದೂ ಇಲ್ಲ. ಅವರು ದಿನಾ ನನ್ನ ಕೈಗೆ ರೊಟ್ಟಿ ಕೊಡುತ್ತಿದ್ದರು. ನೋಡಿರದೆ ಇರುತ್ತಾರಾ?"

ಗಿಟಾರ್ ಏನಾಯಿತು ಎಂಬುದನ್ನು ಅಮ್ಮಿ ಹೇಳಿದರು. ನಾನಾರ ಕಾರ್ಖಾನೆ ನಿಂತ ವರ್ಷವೇ ಅಮ್ಮಿಯ ಮದುವೆ. ಗಿಟಾರ್ ಮಾರಿ ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಮಗಳಿಗೆ ಹೊಲಿಗೆ ಯಂತ್ರ ಕೊಡಿಸಿದರು. ಕ್ಯಾಸೆಟ್ ಇಟ್ಟಿರುವುದು ಅದೇ ಯಂತ್ರದ ಡ್ರಾಯರಿನಲ್ಲಿ. ನನ್ನ ಟ್ಯೂಷನ್ ಫೀಸು ಬರುವುದೂ ಅದೇ ಯಂತ್ರದಿಂದ. ನಾನಾ ಆಮೇಲೆ ಗಿಟಾರ್ ಮುಟ್ಟಲಿಲ್ಲ. ಉಮ್ರಾಗೆ ಹೋಗಿ ಬಂದ ಮೇಲೆ ಆ ಮಾತನ್ನೂ ನಿಲ್ಲಿಸಿದರು. ನಮ್ಮ ಮನೆಗಳಲ್ಲಿ ಸಂಗೀತದ ಬಗ್ಗೆ ಎಲ್ಲರದೂ ಒಂದೇ ಅಭಿಪ್ರಾಯ ಅಲ್ಲ ಎಂದು ಎಲ್ಲರಿಗೂ ಗೊತ್ತು. ಅದರ ವಾದ ಮಾಡುವ ವಯಸ್ಸು, ಓದು ನನಗಿಲ್ಲ. ನಾನಾ ಕೂಡ ಯಾರ ಜೊತೆಯೂ ವಾದ ಮಾಡಲಿಲ್ಲ. ತಂದೆಯ ಮರ್ಯಾದೆಯನ್ನೂ ಉಳಿಸಿದರು, ಒಪ್ಪಿಕೊಂಡ ಕೆಲಸವನ್ನೂ ತಪ್ಪಿಲ್ಲದೆ ಮುಗಿಸಿಕೊಟ್ಟರು. ಅದಕ್ಕೆ ತಮ್ಮ ಹೆಸರನ್ನು ಬೆಲೆಯಾಗಿ ಕೊಟ್ಟರು ಎಂಬುದು ಮಾತ್ರ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಬಸ್ಸಿಗೆ ಹತ್ತಿಸಲು ಬಂದಾಗ ಅವರನ್ನು ಕೇಳಿದೆ. "ಕಾಲೇಜಿನ ಪತ್ರಿಕೆಗೆ ನಿಮ್ಮ ಬಗ್ಗೆ ಬರೆಯಲಾ ನಾನಾ? ಈಗ ಹೆಸರು ಹಾಕಬಹುದು ತಾನೆ?"

ಬಹಳ ಹೊತ್ತು ಯೋಚಿಸಿದರು. ಬಸ್ ಹೊರಡುವ ಹೊತ್ತಿಗೆ ಕಿಟಕಿಯ ಹತ್ತಿರ ಬಂದು, "ಹೆಸರು ಬೇಡ ಬೇಟಾ. ಅದರಲ್ಲಿ ಗಿಟಾರ್ ಇತ್ತು ಎಂದು ಬರಿ, ಸಾಕು" ಎಂದರು.

ಅವರ ಮಾತಿನಂತೆ ಬರೆದಿದ್ದೇನೆ. ಓದುವ ಗೆಳೆಯರಲ್ಲಿ, ಗೆಳತಿಯರಲ್ಲಿ ನನ್ನದು ಒಂದೇ ವಿನಂತಿ. ನಿಮ್ಮ ಮನೆಯ ಹಿರಿಯರು ಹಿಂದೆ ಏನೇನು ಕೆಲಸ ಮಾಡಿದ್ದಾರೆ ಎಂದು ಒಮ್ಮೆ ಕೇಳಿ. ಮದುವೆಯ ವಿಡಿಯೋದಲ್ಲಿ ಬ್ಯಾಂಡ್ ಊದಿದವರು, ಕಾಲೇಜಿನ ವಾರ್ಷಿಕೋತ್ಸವದಲ್ಲಿ ಮೈಕ್ ಕಟ್ಟಿದವರು, ನಿಮ್ಮ ಇಷ್ಟದ ಹಾಡಿನಲ್ಲಿ ಹಿಂದೆ ತಂತಿ ಮೀಟಿದವರು, ಇವರಿಗೆಲ್ಲ ಒಂದು ಹೆಸರು ಇದೆ. ಹಾಕುವ ಅವಕಾಶ ನಿಮ್ಮ ಕೈಯಲ್ಲಿದ್ದರೆ ಕೇಳಿ ಹಾಕಿ. ಬೇಡ ಎಂದರೆ, ಯಾಕೆ ಬೇಡ ಎಂದೂ ಕೇಳಿ.

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)